ಅರಿಶಿನ, ಬೆಳ್ಳುಳ್ಳಿ, ನೆಲ್ಲಿಕಾಯಿ: ಸೀಸ, ಪಾದರಸದಿಂದ ಇವು ನಮ್ಮ ಕಿಡ್ನಿ ಕಾಪಾಡ್ತವಾ?

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನೇ ಇಲ್ಲಿ ಸ್ವಲ್ಪ ಒಪ್ಪ ಮಾಡಿ ಬರೆದು ಹಾಕಿದ್ದೇನೆ. ಆಫೀಸ್ ಕ್ಯಾಬ್‌ನಲ್ಲಿ ಕೂತು ವಿಡಿಯೋ ನೋಡೋಕೆ ಆಗದವರು ಓದಿಕೊಳ್ಳಬಹುದು. ಮನೆಯಲ್ಲಿ ಅಪ್ಪ ಅಮ್ಮನಿಗೆ ಫಾರ್ವರ್ಡ್ ಮಾಡುವವರಿಗೂ ಇದೇ ಅನುಕೂಲ.

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ನಿಮ್ಮ ಹಾಗೇ ಹೈದರಾಬಾದಿಗೆ ಕೆಲಸಕ್ಕೆ ಅಂತ ಬಂದು ಇಲ್ಲೇ ಉಳಿದವನು. ಈ ವಿಷಯ ಓದೋಕೆ ಶುರು ಮಾಡಿದ್ದು ನನ್ನ ಸ್ನೇಹಿತನೊಬ್ಬನ ಮನೆಯಲ್ಲಿ ನಡೆದ ಘಟನೆಯಿಂದ. ಅವನನ್ನು ಕೇಳಿಯೇ ಇಲ್ಲಿ ಹೇಳ್ತಿದ್ದೇನೆ, ಹೆಸರು ಬೇಡ ಅಂದಿದ್ದಾನೆ.

ಅವನದು ರಾಯಚೂರು ಕಡೆ. ಗಚ್ಚಿಬೌಲಿಯಲ್ಲಿ ಕೆಲಸ. ಅಪ್ಪನಿಗೆ ಅರವತ್ತೆಂಟು ವರ್ಷ, ಊರಿನ ಬೋರ್‌ವೆಲ್ ನೀರು ಕುಡಿದೇ ಬೆಳೆದವರು. ಇವನು ಒಂದು ದಿನ ಪಟಾನ್‌ಚೆರು ನೆಲ, ನೀರಿನ ಬಗ್ಗೆ ಏನೋ ಓದಿದ. ಊರಿನ ನೀರು ಹೆಂಗೋ ಏನೋ ಅಂತ ಭಯ ಹುಟ್ಟಿತು. ಇಂಟರ್ನೆಟ್‌ನಲ್ಲಿ ಹುಡುಕಿದಾಗ "ಕಿಡ್ನಿಯಿಂದ ಹೆವಿ ಮೆಟಲ್ ತೆಗೆಯುವ ನೈಸರ್ಗಿಕ ಪುಡಿ" ಅಂತ ಒಂದು ಸಿಕ್ಕಿತು. ತರಿಸಿ ಅಪ್ಪನಿಗೆ ಕೊಟ್ಟ. ಅಪ್ಪನೂ ಮಗ ಪ್ರೀತಿಯಿಂದ ಕೊಟ್ಟಿದ್ದಾನೆ ಅಂತ ದಿನಾ ಬೆಳಿಗ್ಗೆ ಬಿಸಿನೀರಲ್ಲಿ ಕಲಸಿ ಕುಡಿದರು.

ಮೂರ್ನಾಲ್ಕು ತಿಂಗಳಲ್ಲಿ ಕಾಲು ಊದಿಕೊಂಡವು. ಮೂತ್ರದಲ್ಲಿ ನೊರೆ. ಟೆಸ್ಟ್ ಮಾಡಿಸಿದರೆ ಪ್ರೋಟೀನ್ ಧಾರಾಳವಾಗಿ ಸೋರಿ ಹೋಗ್ತಿದೆ. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: "ಮನೆಯಲ್ಲಿ ಮಾತ್ರೆ ಬಿಟ್ಟು ಬೇರೆ ಏನೇನು ತಗೋತಾರೆ? ಪುಡಿ, ಕಷಾಯ, ಲೇಹ್ಯ, ಎಲ್ಲಾ ಒಂದು ಚೀಲದಲ್ಲಿ ಹಾಕ್ಕೊಂಡು ಬನ್ನಿ." ಆಮೇಲೆ ರಕ್ತದಲ್ಲಿ ಪಾದರಸ ನೋಡಿಸಿದರು. ಜಾಸ್ತಿ ಇತ್ತು.

ಅವನು ಫೋನ್ ಮಾಡಿ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಅಣ್ಣಾ, ಆ ಪುಡಿ ನಾನೇ ತರಿಸಿ ಕೊಟ್ಟಿದ್ದೆ ನೋಡ್ರಿ. ನ್ಯಾಚುರಲ್ ಅಂತ ಬರ್ದಿತ್ತು."

ಹಾಗಾಗಿ ಇವತ್ತಿನ ಪ್ರಶ್ನೆ ಇದು. ಸಸ್ಯಗಳಲ್ಲಿರುವ ಆಂಟಿಆಕ್ಸಿಡೆಂಟ್‌ಗಳು ಲೋಹದ ವಿಷದಿಂದ ಕಿಡ್ನಿ ಕಾಪಾಡುತ್ತವೆ ಅನ್ನೋದು ಸುಳ್ಳಾ, ನಿಜಾನಾ? ನಿಜ ಇದ್ದರೆ ಎಷ್ಟು ನಿಜ?

ನಮ್ಮ ಸುತ್ತ ಲೋಹ ಎಲ್ಲಿದೆ?

ಭಯ ಸುಮ್ಮನೆ ಹುಟ್ಟಿದ್ದಲ್ಲ. ಪಟಾನ್‌ಚೆರು, ಬೊಲ್ಲಾರಂ ಕಡೆ ಎಪ್ಪತ್ತರ ದಶಕದಿಂದ ಕಾರ್ಖಾನೆಗಳು ಬಂದವು. ಅವುಗಳ ಕೊಳೆನೀರು ನಕ್ಕವಾಗು ಎನ್ನುವ ಹಳ್ಳಕ್ಕೆ ಸೇರಿತು. ಆ ಹಳ್ಳ ಹೋಗಿ ಸೇರುವುದು ಮಾಂಜ್ರಾ ನದಿಗೆ, ನಮ್ಮ ಬೀದರ್ ದಾಟಿಕೊಂಡು ಬರುತ್ತಲ್ಲ, ಅದೇ ಮಾಂಜ್ರಾ. ಬೆಳೆ, ಬಾವಿ ಕೆಟ್ಟ ರೈತರ ಗೋಳು 1990ರಲ್ಲಿ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಇಲ್ಲಿಯದೇ ಸಂಸ್ಥೆಯಾದ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ, ಅಂದರೆ ಎನ್‌ಜಿಆರ್‌ಐ, ಪಟಾನ್‌ಚೆರು ಸುತ್ತಲಿನ ಮಣ್ಣು ಪರೀಕ್ಷೆ ಮಾಡಿ 2001ರಲ್ಲಿ ಪ್ರಕಟಿಸಿತು. ಕ್ರೋಮಿಯಂ, ತಾಮ್ರ, ಸತು, ಆರ್ಸೆನಿಕ್ ಇರಬೇಕಾದ್ದಕ್ಕಿಂತ ಹೆಚ್ಚು ಸಿಕ್ಕವು. ನಗರದ ದಕ್ಷಿಣಕ್ಕಿರುವ ಕಾಟೇದಾನ್ ಕೈಗಾರಿಕಾ ಪ್ರದೇಶದ ಮಣ್ಣಿನಲ್ಲಿ ಸೀಸ, ಕ್ರೋಮಿಯಂ ಜಾಸ್ತಿ ಇರುವುದು 2008ರ ವರದಿಯಲ್ಲಿ ಬಂತು.

ಮೂಸಿ ನದಿಯ ಕಥೆ ನಿಮಗೆಲ್ಲ ಗೊತ್ತು. 1908ರ ಮಹಾಪ್ರವಾಹದ ನಂತರ ನಿಜಾಮರು ಕರೆಸಿಕೊಂಡಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನೇ. ಅವರ ಯೋಜನೆಯಿಂದ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಬಂದವು. ಆ ಎರಡು ಕೆರೆಗಳ ಮೇಲಿನ ನೀರು ಒಂದು ಬಗೆ. ಊರು ದಾಟಿ ಕೆಳಗೆ ಹೋದ ಮೂಸಿ ಇನ್ನೊಂದು ಬಗೆ. ಆ ಕೊಳೆನೀರಲ್ಲೇ ಸೊಪ್ಪು, ಭತ್ತ, ದನದ ಹುಲ್ಲು ಬೆಳೆಯುತ್ತಾರೆ.

ಊರ ಕಡೆ ಬಂದರೆ ಯಾದಗಿರಿ ಜಿಲ್ಲೆ ಸುರಪುರ ಸೀಮೆಯ ಕಿರದಳ್ಳಿ ತಾಂಡಾ. ಅದು ಹಳೇ ಕಾಲದಿಂದ ಚಿನ್ನದ ಅದಿರು ಇರುವ ಪ್ರದೇಶ. ಅಲ್ಲಿ ಕಾರ್ಖಾನೆ ಕೊಳೆಯ ಮಾತಿಲ್ಲ, ಬಂಡೆಯಲ್ಲೇ ಆರ್ಸೆನಿಕ್ ಇದೆ. ಬೋರ್‌ವೆಲ್ ನೀರಲ್ಲಿ ಅದು ಬಂದು ಜನರ ಅಂಗೈ, ಅಂಗಾಲು ಗಂಟುಗಟ್ಟಿ, ಮೈಮೇಲೆ ಕಲೆ ಬಿದ್ದದ್ದು 2013ರ ಒಂದು ಅಧ್ಯಯನದಲ್ಲಿ ದಾಖಲಾಗಿದೆ. ಕುಡಿಯುವ ನೀರಲ್ಲಿ ಆರ್ಸೆನಿಕ್ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು. ಕಣ್ಣಿಗೆ ಕಾಣಲ್ಲ, ವಾಸನೆ ಇಲ್ಲ, ರುಚಿ ಇಲ್ಲ.

ಅಂದರೆ ನನ್ನ ಸ್ನೇಹಿತ ಹೆದರಿದ್ದರಲ್ಲಿ ತಪ್ಪಿರಲಿಲ್ಲ. ಅವನು ಹುಡುಕಿಕೊಂಡ ಪರಿಹಾರ ತಪ್ಪಾಯಿತು.

ಕಿಡ್ನಿಗೇ ಯಾಕೆ ಪೆಟ್ಟು?

ನಮ್ಮ ಹೃದಯ ಪಂಪ್ ಮಾಡುವ ರಕ್ತದಲ್ಲಿ ಸುಮಾರು ಐದನೇ ಒಂದು ಭಾಗ ಎರಡು ಪುಟ್ಟ ಕಿಡ್ನಿಗೆ ಹೋಗುತ್ತೆ. ಒಂದೊಂದರಲ್ಲೂ ಹತ್ತಿರ ಹತ್ತಿರ ಹತ್ತು ಲಕ್ಷ ನೆಫ್ರಾನ್ ಎಂಬ ಶೋಧಕಗಳು. ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ ಹೊರಗೆ ಬರುತ್ತೆ. ಆದರೆ ನಾವು ಮೂತ್ರ ಮಾಡುವುದು ಒಂದೂವರೆ ಎರಡು ಲೀಟರ್ ಅಷ್ಟೇ. ಉಳಿದದ್ದು ಎಲ್ಲಿ ಹೋಯ್ತು? ಶೋಧಕದ ಮುಂದೆ ಇರುವ ಸಣ್ಣ ನಳಿಕೆಗಳು ನೀರು, ಉಪ್ಪು, ಸಕ್ಕರೆ, ಸಣ್ಣ ಪ್ರೋಟೀನ್, ಎಲ್ಲವನ್ನೂ ಹೆಕ್ಕಿ ವಾಪಸ್ ರಕ್ತಕ್ಕೆ ಕಳಿಸುತ್ತವೆ.

ಈ ಹೆಕ್ಕುವ ಕೆಲಸಕ್ಕೆ ತುಂಬ ಶಕ್ತಿ ಬೇಕು. ಅದಕ್ಕೇ ಆ ನಳಿಕೆಯ ಜೀವಕೋಶಗಳಲ್ಲಿ ಮೈಟೋಕಾಂಡ್ರಿಯಾ, ಅಂದರೆ ಶಕ್ತಿ ಮಾಡುವ ಘಟಕಗಳು, ಕಿಕ್ಕಿರಿದಿರುತ್ತವೆ. ತೊಂದರೆ ಅಲ್ಲೇ ಶುರು. ಒಳ್ಳೆಯದನ್ನು ಹೆಕ್ಕುವಾಗ ಲೋಹವೂ ಜೊತೆಗೆ ಒಳಗೆ ಬರುತ್ತೆ.

ಕ್ಯಾಡ್ಮಿಯಂ ಉದಾಹರಣೆ ತಗೊಳ್ಳಿ. ನಮ್ಮ ಲಿವರ್ ಅದನ್ನು ಮೆಟಲೋಥಯೋನೀನ್ ಎಂಬ ಸಣ್ಣ ಪ್ರೋಟೀನ್‌ನಲ್ಲಿ ಕಟ್ಟಿ ಇಡುತ್ತೆ. ಆ ಗಂಟು ನಿಧಾನವಾಗಿ ರಕ್ತಕ್ಕೆ ಬಂದು ಕಿಡ್ನಿ ತಲುಪುತ್ತೆ. ನಳಿಕೆಯ ಕೋಶ "ಪ್ರೋಟೀನ್ ಬಂತು" ಅಂತ ಒಳಗೆ ಎಳೆದುಕೊಂಡು ಬಿಚ್ಚಿದರೆ, ಒಳಗಿಂದ ಕ್ಯಾಡ್ಮಿಯಂ. ಅಲ್ಲಿ ಸೇರಿದ ಕ್ಯಾಡ್ಮಿಯಂ ಅರ್ಧ ಖಾಲಿಯಾಗೋಕೆ 10ರಿಂದ 30 ವರ್ಷ ಬೇಕು. ಜಪಾನಿನ ಜಿಂಜು ನದಿಯ ದಂಡೆಯಲ್ಲಿ ಗಣಿಯಿಂದ ಬಂದ ಕ್ಯಾಡ್ಮಿಯಂ ಭತ್ತದ ಗದ್ದೆಗೆ ಸೇರಿ, ಅದೇ ಅಕ್ಕಿ ಉಂಡ ಜನರ, ಅದರಲ್ಲೂ ಹೆಂಗಸರ, ಕಿಡ್ನಿ ಕೆಟ್ಟು ಮೂಳೆಗಳು ಮುರಿದವು. ನೋವಿಗೆ "ಇತಾಯ್ ಇತಾಯ್" ಅಂತ ನರಳುತ್ತಿದ್ದರಂತೆ, ಕಾಯಿಲೆಗೆ ಅದೇ ಹೆಸರಾಯ್ತು. 1968ರಲ್ಲಿ ಜಪಾನ್ ಸರ್ಕಾರ ಅದನ್ನು ಮಾಲಿನ್ಯದ ಕಾಯಿಲೆ ಅಂತ ಒಪ್ಪಿಕೊಂಡಿತು.

ಸೀಸದ ದಾರಿ ಬೇರೆ. ದೊಡ್ಡವರಲ್ಲಿ ಅದರ ಬಹುಪಾಲು ಮೂಳೆಯಲ್ಲಿ ಕೂತಿರುತ್ತೆ, ದಶಕಗಟ್ಟಲೆ ಸ್ವಲ್ಪ ಸ್ವಲ್ಪವೇ ರಕ್ತಕ್ಕೆ ಬಿಡುತ್ತೆ. ಪಾದರಸ ಕಿಡ್ನಿಗೇ ಬಂದು ಸೇರುತ್ತೆ.

ಆಂಟಿಆಕ್ಸಿಡೆಂಟ್ ಏನು ಮಾಡುತ್ತೆ?

ಕಬ್ಬಿಣಕ್ಕೆ ತುಕ್ಕು ಹಿಡಿಯೋದು ಗೊತ್ತಲ್ಲ, ಅಂಥದ್ದೇ ಒಂದು ಕ್ರಿಯೆ ನಮ್ಮ ಜೀವಕೋಶದಲ್ಲೂ ನಡೆಯುತ್ತಿರುತ್ತೆ. ಮೈಟೋಕಾಂಡ್ರಿಯಾ ಕೆಲಸ ಮಾಡುವಾಗ ಕಿಡಿ ಹಾರಿದ ಹಾಗೆ ಚುರುಕಾದ ಆಮ್ಲಜನಕದ ಕಣಗಳು ಹುಟ್ಟುತ್ತವೆ. ಕೋಶದ ಪೊರೆ, ಪ್ರೋಟೀನ್, ಡಿಎನ್‌ಎ, ಸಿಕ್ಕಿದ್ದನ್ನು ಸುಡುತ್ತವೆ. ಇದನ್ನು ತಡೆಯೋಕೆ ದೇಹ ತಾನೇ ಗ್ಲುಟಾಥಯೋನ್ ಅನ್ನುವ ವಸ್ತು ತಯಾರಿಸಿಕೊಳ್ಳುತ್ತೆ. ಅದರೊಳಗೆ ಗಂಧಕ ಇರುವ ಒಂದು ತುದಿ ಇದೆ, ಕಿಡಿ ಆರಿಸೋದು ಆ ತುದಿ.

ಲೋಹದ ಕಿತಾಪತಿ ನೋಡಿ. ಸೀಸ, ಪಾದರಸ, ಕ್ಯಾಡ್ಮಿಯಂ, ಆರ್ಸೆನಿಕ್, ಈ ನಾಲ್ಕಕ್ಕೂ ಗಂಧಕ ಅಂದರೆ ಪ್ರಾಣ. ಬಂದು ಅದೇ ತುದಿಗೆ ಅಂಟಿಕೊಳ್ಳುತ್ತವೆ. ಒಂದು ಕಡೆ ಗ್ಲುಟಾಥಯೋನ್ ಖರ್ಚಾಗಿ ಹೋಗುತ್ತೆ, ಇನ್ನೊಂದು ಕಡೆ ಮೈಟೋಕಾಂಡ್ರಿಯಾ ಕೆಟ್ಟು ಕಿಡಿ ಜಾಸ್ತಿ ಹಾರುತ್ತೆ. ಬೆಂಕಿ ಬಿದ್ದಾಗಲೇ ನಲ್ಲಿ ಬಂದ್ ಮಾಡಿದ ಹಾಗೆ.

ಈಗ ಸಸ್ಯಗಳು ಎಲ್ಲಿ ಬರುತ್ತವೆ? ಅರಿಶಿನದ ಕರ್ಕ್ಯುಮಿನ್, ಈರುಳ್ಳಿಯ ಕ್ವೆರ್ಸೆಟಿನ್, ಬೆಳ್ಳುಳ್ಳಿಯ ಗಂಧಕದ ಸಂಯುಕ್ತಗಳು, ನೆಲ್ಲಿಕಾಯಿಯ ವಿಟಮಿನ್ ಸಿ, ಗ್ರೀನ್ ಟೀಯ ಕ್ಯಾಟೆಚಿನ್. ಇವು ಎರಡು ರೀತಿ ಕೆಲಸ ಮಾಡುತ್ತವೆ. ಕೆಲವು ನೇರವಾಗಿ ಕಿಡಿ ಆರಿಸುತ್ತವೆ. ಕೆಲವು ನಮ್ಮ ಕೋಶದೊಳಗಿನ ಎನ್‌ಆರ್‌ಎಫ್2 ಎಂಬ ಸ್ವಿಚ್ ಒತ್ತಿ, ಗ್ಲುಟಾಥಯೋನ್ ಜಾಸ್ತಿ ತಯಾರಿಸುವ ಹಾಗೆ ಮಾಡುತ್ತವೆ. ಕ್ಯಾಡ್ಮಿಯಂ ಅಥವಾ ಸೀಸ ಕೊಟ್ಟ ಇಲಿಗಳಿಗೆ ಇವನ್ನು ಕೊಟ್ಟಾಗ ಕಿಡ್ನಿಯ ಹಾನಿ ಕಡಿಮೆಯಾಗಿದೆ ಅಂತ ಹೇಳುವ ಪ್ರಯೋಗಗಳು ರಾಶಿ ರಾಶಿ ಇವೆ. ಅದು ಸುಳ್ಳಲ್ಲ.

ಇಲಿ ಲೆಕ್ಕ, ನಮ್ಮ ಲೆಕ್ಕ

ನಾವೆಲ್ಲ ಸಂಖ್ಯೆಗಳ ಜೊತೆ ಕೆಲಸ ಮಾಡೋರು, ಒಂದು ಲೆಕ್ಕ ಹಾಕೋಣ. ಇಲಿಗೆ ಕಿಲೋ ತೂಕಕ್ಕೆ 100 ಮಿ.ಗ್ರಾಂ ಕರ್ಕ್ಯುಮಿನ್ ಕೊಟ್ಟರು ಅಂತಿಟ್ಟುಕೊಳ್ಳಿ. ಇಂಥ ಪ್ರಯೋಗಗಳಲ್ಲಿ ಇದು ಸಾಮಾನ್ಯ ಪ್ರಮಾಣ. ಇಲಿಯ ಡೋಸನ್ನು ಮನುಷ್ಯರಿಗೆ ಬದಲಾಯಿಸುವಾಗ ಸುಮಾರು ಆರರಿಂದ ಭಾಗಿಸುತ್ತಾರೆ. ಕಿಲೋಗೆ 16 ಮಿ.ಗ್ರಾಂ ಆಯ್ತು. 60 ಕಿಲೋ ತೂಕದವರಿಗೆ ಸುಮಾರು 970 ಮಿ.ಗ್ರಾಂ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರೋದು ಶೇ. 3ರ ಆಸುಪಾಸು. ಅಂದರೆ ದಿನಕ್ಕೆ 32 ಗ್ರಾಂ ಅರಿಶಿನ! ನಮ್ಮ ಮನೆಯಲ್ಲಿ ಇಡೀ ಕುಟುಂಬದ ಸಾರಿಗೆ ಹಾಕೋದು ಅರ್ಧ ಚಮಚ. ಅದರ ಮೇಲೆ ಕರ್ಕ್ಯುಮಿನ್ ಮನುಷ್ಯರ ಕರುಳಿನಿಂದ ರಕ್ತಕ್ಕೆ ಸೇರೋದೇ ಬಹಳ ಕಡಿಮೆ. ಹಾಗಂತ 32 ಗ್ರಾಂ ತಿನ್ನೋಕೆ ಹೋಗಬೇಡಿ. ಅರಿಶಿನದಲ್ಲಿ ಆಕ್ಸಲೇಟ್ ಇದೆ, ಅಷ್ಟು ತಿಂದರೆ ಅದೇ ಕಿಡ್ನಿಗೆ ಹೊರೆ.

ಇನ್ನೊಂದು ವ್ಯತ್ಯಾಸ. ಪ್ರಯೋಗದಲ್ಲಿ ಇಲಿಗೆ ಕೆಲವೇ ವಾರಗಳಲ್ಲಿ ದೊಡ್ಡ ಪ್ರಮಾಣದ ಲೋಹ ಕೊಡುತ್ತಾರೆ. ಎಷ್ಟೋ ಸಲ ರಕ್ಷಣೆಯ ವಸ್ತುವನ್ನು ಲೋಹದ ಜೊತೆಗೇ ಅಥವಾ ಮೊದಲೇ ಕೊಟ್ಟಿರುತ್ತಾರೆ. ನಮಗೆ ಲೋಹ ಬರೋದು ಚೂರು ಚೂರಾಗಿ, ಇಪ್ಪತ್ತು ಮೂವತ್ತು ವರ್ಷ. ಗೊತ್ತಾಗುವ ಹೊತ್ತಿಗೆ ಅದು ಒಳಗೆ ಮನೆ ಮಾಡಿಕೊಂಡಿರುತ್ತೆ.

ಮನುಷ್ಯರ ಮೇಲೆ ಏನೂ ನಡೆದಿಲ್ಲವಾ? ನಡೆದಿದೆ. ಇರಾನಿನ ಮಶ್‌ಹದ್‌ನಲ್ಲಿ ಕಾರ್ ಬ್ಯಾಟರಿ ಕಾರ್ಖಾನೆಯ ಕಾರ್ಮಿಕರಿಗೆ ನಾಲ್ಕು ವಾರ ಬೆಳ್ಳುಳ್ಳಿ ಮಾತ್ರೆ ಕೊಟ್ಟರು, ಇನ್ನೊಂದು ಗುಂಪಿಗೆ ಸೀಸ ತೆಗೆಯುವ ಪೆನಿಸಿಲಮೀನ್ ಔಷಧ ಕೊಟ್ಟರು. 2012ರಲ್ಲಿ ಬಂದ ಫಲಿತಾಂಶ: ಎರಡೂ ಗುಂಪಿನಲ್ಲಿ ರಕ್ತದ ಸೀಸ ಇಳಿದಿತ್ತು. ಬೆಳ್ಳುಳ್ಳಿಗೆ ಇದು ಒಳ್ಳೆಯ ಸುದ್ದಿಯೇ. ಆದರೆ ಅದು ಒಂದು ಕಾರ್ಖಾನೆ, ಒಂದು ತಿಂಗಳು. ಕಿಡ್ನಿ ಉಳಿಯಿತು ಅನ್ನೋಕೆ ವರ್ಷಗಟ್ಟಲೆ ನೋಡಬೇಕು.

ಮತ್ತೆ ಆ ಎನ್‌ಆರ್‌ಎಫ್2 ಸ್ವಿಚ್ ಹೇಳಿದೆನಲ್ಲ, ಅದನ್ನು ಜೋರಾಗಿ ಒತ್ತುವ ಬಾರ್ಡಾಕ್ಸೊಲೋನ್ ಅನ್ನೋ ಔಷಧವನ್ನು ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕೆಟ್ಟ 2,185 ಜನರ ಮೇಲೆ ಪರೀಕ್ಷೆ ಮಾಡಿದರು. ಎಲ್ಲರಿಗೂ ಬಹಳ ನಿರೀಕ್ಷೆ ಇತ್ತು. 2012ರ ಅಕ್ಟೋಬರ್‌ನಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯ್ತು. ಔಷಧ ತಗೊಂಡವರಲ್ಲಿ ಹೃದಯ ವೈಫಲ್ಯ ಜಾಸ್ತಿ ಆಗಿತ್ತು. ಇದು ಲೋಹದ ವಿಷಯ ಅಲ್ಲ, ಸಸ್ಯವೂ ಅಲ್ಲ. ಆದರೂ ಒಂದು ಪಾಠ ಇದೆ: ಪುಸ್ತಕದಲ್ಲಿ ಸರಿ ಅನ್ನಿಸಿದ ಮಾರ್ಗ ರೋಗಿಯ ಮೈಯಲ್ಲಿ ಹಾಗೇ ನಡೆಯುತ್ತೆ ಅನ್ನೋ ಖಾತ್ರಿ ಇಲ್ಲ.

ಔಷಧಿಯಲ್ಲೇ ಲೋಹ

ಈಗ ಸ್ನೇಹಿತನ ಅಪ್ಪನ ಕಥೆಗೆ ಬರೋಣ. ಅಂಥದ್ದು ಅವರೊಬ್ಬರಿಗೇ ಆದದ್ದಲ್ಲ. 2008ರಲ್ಲಿ ಅಮೆರಿಕದ ವೈದ್ಯರು ಇಂಟರ್ನೆಟ್‌ನಲ್ಲಿ ಮಾರುವ 193 ಆಯುರ್ವೇದ ಉತ್ಪನ್ನಗಳನ್ನು ತರಿಸಿ ಪರೀಕ್ಷೆ ಮಾಡಿದರು. ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಲೋಹದ ಭಸ್ಮ ಸೇರಿಸಿ ಮಾಡುವ ರಸೌಷಧಿಗಳಲ್ಲಿ ಜಾಸ್ತಿ, ಬರೀ ಗಿಡಮೂಲಿಕೆ ಅಂದುಕೊಂಡವುಗಳಲ್ಲೂ ಇತ್ತು. ತಯಾರಾದದ್ದು ಭಾರತದಲ್ಲಿ ಮಾತ್ರ ಅಲ್ಲ, ಅಮೆರಿಕದಲ್ಲಿ ಮಾಡಿದವೂ ಇದ್ದವು.

2022ರಲ್ಲಿ ದಕ್ಷಿಣ ಭಾರತದ ವೈದ್ಯರು ಇನ್ನೊಂದು ವಿಷಯ ಬರೆದರು. ಕಿಡ್ನಿಯ ಶೋಧಕದ ಪೊರೆ ದಪ್ಪವಾಗಿ ಪ್ರೋಟೀನ್ ಸೋರುವ ಒಂದು ಕಾಯಿಲೆ ಇದೆ. ಅದರ ಒಂದು ವಿಶೇಷ ಬಗೆ ಬಂದ ರೋಗಿಗಳಲ್ಲಿ ಹಲವರು ನಾಟಿ ಔಷಧ ತಗೊಳ್ತಿದ್ದರು, ಆ ಔಷಧಗಳಲ್ಲಿ ಪಾದರಸ ಇತ್ತು. 2023ರಲ್ಲಿ ಕೇರಳದ ಕೊಟ್ಟಕ್ಕಲ್‌ನ ವೈದ್ಯರು ಇದೇ ಬಗೆಯ 15 ರೋಗಿಗಳನ್ನು ನೋಡಿದರು. ಅವರಲ್ಲಿ 13 ಜನ ಮುಖ ಬೆಳ್ಳಗಾಗುವ ಕ್ರೀಮ್ ಹಚ್ಚುತ್ತಿದ್ದರು. ಪಾದರಸ ಚರ್ಮದಿಂದಲೇ ಒಳಗೆ ಹೋಗಿತ್ತು. ಎರಡೂ ಕಡೆ ಒಂದು ಸಮಾಧಾನದ ವಿಷಯ ಇದೆ: ಆ ವಸ್ತು ನಿಲ್ಲಿಸಿದ ಮೇಲೆ ಬಹಳಷ್ಟು ಜನ ಚೇತರಿಸಿಕೊಂಡರು.

ಇನ್ನು ಅರಿಶಿನ. ಕಾಪಾಡುತ್ತೆ ಅಂತ ತಿನ್ನೋ ಅರಿಶಿನಕ್ಕೇ ಹೊಳೆಯುವ ಹಳದಿ ಬರಲಿ ಅಂತ ಲೆಡ್ ಕ್ರೋಮೇಟ್ ಬಳಿಯುವವರಿದ್ದಾರೆ. ಅದರಲ್ಲಿ ಸೀಸವೂ ಇದೆ, ಕ್ರೋಮಿಯಂ ಕೂಡ ಇದೆ. ಬಾಂಗ್ಲಾದೇಶದಲ್ಲಿ 2019ರಲ್ಲಿ ಮಾರುಕಟ್ಟೆಯ ಮಾದರಿಗಳಲ್ಲಿ ಶೇ. 47ರಲ್ಲಿ ಇದು ಸಿಕ್ಕಿತ್ತು. ಸರ್ಕಾರ ದಂಡ ಹಾಕಿ, ಸುದ್ದಿ ಹಬ್ಬಿಸಿ, ಗಿರಣಿಗಳ ಮೇಲೆ ಕಣ್ಣಿಟ್ಟ ಮೇಲೆ 2021ಕ್ಕೆ ಸೊನ್ನೆಗೆ ಬಂತು. ಎರಡು ವರ್ಷದಲ್ಲಿ! ಯಾವ ಆಂಟಿಆಕ್ಸಿಡೆಂಟ್ ಮಾತ್ರೆಯೂ ಇಷ್ಟು ಕಿಡ್ನಿ ಉಳಿಸಿರಲಾರದು. ನಮ್ಮಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದ ಪ್ರಕಾರ ಅರಿಶಿನದಲ್ಲಿ ಸೀಸ ಕಿಲೋಗೆ 10 ಮಿ.ಗ್ರಾಂ ಮೀರುವಂತಿಲ್ಲ.

ನಾವು ಸಾಫ್ಟ್‌ವೇರ್‌ನಲ್ಲಿ ಏನು ಮಾಡ್ತೀವಿ? ಎರರ್ ಬರುತ್ತಲೇ ಇದ್ದರೆ ಮೊದಲು ಅದು ಎಲ್ಲಿಂದ ಬರ್ತಿದೆ ಅಂತ ಹುಡುಕ್ತೀವಿ. ಮೂಲ ಹುಡುಕದೆ ಮೇಲೆ ಮೇಲೆ ಪ್ಯಾಚ್ ಹಾಕಿದರೆ ಒಂದು ದಿನ ಕೈ ಕೊಡುತ್ತೆ. ಲೋಹದ ವಿಷಯದಲ್ಲೂ ಅಷ್ಟೇ. ಮೊದಲು ಬರುವ ಬಾಗಿಲು ಮುಚ್ಚಬೇಕು. ಆಂಟಿಆಕ್ಸಿಡೆಂಟ್ ಅದರ ನಂತರದ ಮಾತು.

ಹಾಗಾದರೆ ಮನೆಯಲ್ಲಿ ಏನು ಮಾಡೋದು?

*ನೀರು.* ಜಲಮಂಡಳಿಯ ನಲ್ಲಿ ನೀರು ಕೃಷ್ಣಾ, ಗೋದಾವರಿ, ಮಾಂಜ್ರಾದಿಂದ ಶುದ್ಧ ಮಾಡಿ ಬರುತ್ತೆ. ಪ್ರಶ್ನೆ ಇರೋದು ಬೋರ್‌ವೆಲ್ ಮತ್ತು ಟ್ಯಾಂಕರ್ ನೀರಿನದು. ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನಲ್ಲಿ ಇದ್ದರೆ ವರ್ಷಕ್ಕೊಮ್ಮೆ ಮಾನ್ಯತೆ ಇರುವ ಲ್ಯಾಬ್‌ಗೆ ಕೊಟ್ಟು ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ, ಪಾದರಸ ಪರೀಕ್ಷೆ ಮಾಡಿಸಿ. ಸೀಸದ ಮಿತಿ ಲೀಟರಿಗೆ 0.01 ಮಿ.ಗ್ರಾಂ, ಕ್ಯಾಡ್ಮಿಯಂದು 0.003, ಪಾದರಸದ್ದು 0.001. ಊರಲ್ಲಿ ಅಪ್ಪ ಅಮ್ಮ ಕುಡಿಯುವ ಬೋರ್‌ವೆಲ್‌ಗೂ ಒಮ್ಮೆ ಮಾಡಿಸಿ. ಕುದಿಸಿದರೆ ಕ್ರಿಮಿ ಸಾಯುತ್ತೆ, ಲೋಹ ಹೋಗಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತೆ. ಲೋಹ ಇದೆ ಅಂತ ಗೊತ್ತಾದರೆ ಕುಡಿಯೋಕೆ, ಅಡುಗೆಗೆ ಆರ್‌ಒ ನೀರು ಬೇಕು.

*ಅರಿಶಿನ.* ಕೊಂಬು ತಂದು ಬೀಸಿಸಿಕೊಳ್ಳೋದು ಒಳ್ಳೇದು. ನಿಜಾಮಾಬಾದ್ ಇಲ್ಲೇ ಪಕ್ಕದಲ್ಲಿದೆ, ಅರಿಶಿನಕ್ಕೆ ಹೆಸರಾದ ಊರು. ಕೊಂಬು ಮಿಂಚುವಷ್ಟು ಹಳದಿ ಇದ್ದರೆ ಅನುಮಾನ ಪಡಿ. ಪಾರದರ್ಶಕ ಲೋಟದ ನೀರಲ್ಲಿ ಕೊಂಬು ಹಾಕಿ ನೋಡಿ. ಬಣ್ಣ ಬಳಿದದ್ದಾದರೆ ತಕ್ಷಣ ನೀರಿಗೆ ಹಳದಿ ಬಿಡುತ್ತೆ. ಪುಡಿಯಾದರೆ ಒಂದು ಚಮಚ ನೀರಿಗೆ ಹಾಕಿ ಬಿಡಿ, ಒಳ್ಳೆಯದು ತಳಕ್ಕೆ ಇಳಿದು ನೀರು ತಿಳಿ ಹಳದಿಯಾಗುತ್ತೆ. ನೀರು ಕಡು ಹಳದಿಯಾಗೇ ನಿಂತರೆ ಆ ಪ್ಯಾಕೆಟ್ ಬೇಡ. ಇದು ಮನೆ ಪರೀಕ್ಷೆ ಅಷ್ಟೇ, ಖಾತ್ರಿಗೆ ಲ್ಯಾಬೇ ಬೇಕು.

*ಅನ್ನ.* ಅಜ್ಜಿ ಕಾಲದ ಬಸಿದ ಅನ್ನ ನೆನಪಿದೆಯಾ? ಅಕ್ಕಿ ಚೆನ್ನಾಗಿ ತೊಳೆದು, ಜಾಸ್ತಿ ನೀರಲ್ಲಿ ಬೇಯಿಸಿ ಗಂಜಿ ಬಸಿದರೆ ಆರ್ಸೆನಿಕ್ ಒಂದಷ್ಟು ಅದರ ಜೊತೆ ಹೋಗುತ್ತೆ. ಕುಕ್ಕರ್‌ನಲ್ಲಿ ಅಳತೆ ನೀರಿಟ್ಟರೆ ಎಲ್ಲ ಅನ್ನದಲ್ಲೇ ಉಳಿಯುತ್ತೆ. ಆದರೆ ನೀರೇ ಕೆಟ್ಟಿದ್ದರೆ ಬಸಿದೂ ಉಪಯೋಗ ಇಲ್ಲ.

*ಪಾತ್ರೆ.* ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುವಾಗ ಶುದ್ಧ ತವರವೇ ಆಗಬೇಕು, ಸೀಸ ಬೆರೆತಿರಬಾರದು. ಎಲ್ಲಿಯದೋ ಗುಜರಿ ಕರಗಿಸಿ ಮಾಡಿದ ಅಗ್ಗದ ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಣಸೆಹುಳಿ ಸಾರು ಕುದಿಸಬೇಡಿ. ಸ್ಟೀಲ್ ಸಾಕು.

*ಕಬ್ಬಿಣ ಮತ್ತು ಕ್ಯಾಲ್ಸಿಯಂ.* ನನ್ನ ಪ್ರಕಾರ ಇವತ್ತಿನ ಮಾತಲ್ಲಿ ಬಹಳ ಮುಖ್ಯವಾದದ್ದು ಇದು. ದೇಹದಲ್ಲಿ ಕಬ್ಬಿಣ ಕಡಿಮೆ ಇದ್ದರೆ ಕರುಳು ಕಬ್ಬಿಣ ಎಳೆದುಕೊಳ್ಳುವ ಬಾಗಿಲನ್ನು ಜಾಸ್ತಿ ತೆರೆಯುತ್ತೆ. ಆ ಬಾಗಿಲಿಂದಲೇ ಕ್ಯಾಡ್ಮಿಯಂ ನುಗ್ಗುತ್ತೆ. ಕ್ಯಾಲ್ಸಿಯಂ ಕಡಿಮೆ ಇದ್ದರೆ ಸೀಸ ಜಾಸ್ತಿ ಸೇರುತ್ತೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಜನರಿಗೆ ರಕ್ತಹೀನತೆ ಇದೆ. ಹಾಗಾಗಿ ದುಬಾರಿ ಡಿಟಾಕ್ಸ್ ಪುಡಿ ತರಿಸೋ ಮೊದಲು ಮನೆಯ ಹೆಂಗಸರ, ಮಕ್ಕಳ ಹಿಮೋಗ್ಲೋಬಿನ್ ನೋಡಿಸಿ.

ಊಟಕ್ಕೆ ಹೊಸದೇನೂ ಬೇಡ. ಇಲ್ಲಿಯ ತಾರ್ನಾಕಾದಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆಹಾರ ಕೋಷ್ಟಕ ನೋಡಿದರೆ 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆ, ಮಜ್ಜಿಗೆ, ಬೇಳೆ, ನುಗ್ಗೆಸೊಪ್ಪು, ಹೆಸರುಕಾಳಿನ ಉಸಲಿ, ಮೇಲೊಂದು ನಿಂಬೆಹಣ್ಣು. ನಿಂಬೆಯ ವಿಟಮಿನ್ ಸಿ ಸೊಪ್ಪಿನ ಕಬ್ಬಿಣವನ್ನು ಮೈಗೆ ಹಚ್ಚುತ್ತೆ. ಊಟ ಆದ ತಕ್ಷಣ ಟೀ ಬೇಡ, ಅದು ಕಬ್ಬಿಣ ತಡೆಯುತ್ತೆ. ಬೇಳೆ, ಮೊಟ್ಟೆ, ಹಾಲಿನ ಪ್ರೋಟೀನ್‌ನಿಂದಲೇ ದೇಹ ಗ್ಲುಟಾಥಯೋನ್ ಮಾಡಿಕೊಳ್ಳುತ್ತೆ. ಬೆಳ್ಳುಳ್ಳಿ ಒಗ್ಗರಣೆ, ಈರುಳ್ಳಿ, ಅರಿಶಿನ, ನೆಲ್ಲಿಕಾಯಿ ಚಟ್ನಿ ಇವೆಲ್ಲ ಇದರ ಜೊತೆಗೆ ಇರಲಿ. ಅಡುಗೆಯಲ್ಲಿ ಇರುವಷ್ಟು ಪ್ರಮಾಣದಲ್ಲಿ ಇವುಗಳಿಂದ ನಷ್ಟ ಇಲ್ಲ, ಲಾಭ ಇರಬಹುದು.

ಒಂದು ಎಚ್ಚರಿಕೆ. ಕಿಡ್ನಿ ಈಗಾಗಲೇ ಸೋತವರಿಗೆ ಈ ಪಟ್ಟಿ ಹಾಗೇ ಅನ್ವಯಿಸಲ್ಲ. ಸೊಪ್ಪಿನ ಜ್ಯೂಸ್, ಎಳನೀರು, ಹಣ್ಣಿನ ರಸದ ಪೊಟ್ಯಾಸಿಯಂ ಅವರಿಗೆ ಅಪಾಯ. ಪ್ರೋಟೀನ್ ಎಷ್ಟು ತಿನ್ನಬೇಕು ಅನ್ನೋದನ್ನೂ ಅವರ ಡಾಕ್ಟರೇ ಹೇಳಬೇಕು. ಕಲ್ಲು ಆಗುವವರು ಪಾಲಕ್ ಮತ್ತು ಇಲ್ಲಿಯವರು ಗೋಂಗೂರ ಅನ್ನುವ ನಮ್ಮ ಪುಂಡಿಪಲ್ಯ ಮಿತವಾಗಿ ತಿನ್ನಿ. ವಿಟಮಿನ್ ಸಿ ಮಾತ್ರೆ ದೊಡ್ಡ ಪ್ರಮಾಣದಲ್ಲಿ ನುಂಗಿದ ಗಂಡಸರಲ್ಲಿ ಕಿಡ್ನಿ ಕಲ್ಲು ಜಾಸ್ತಿಯಾದದ್ದು ಕಂಡಿದೆ. ರಕ್ತ ತೆಳುವಾಗಲು ಮಾತ್ರೆ ತಗೊಳ್ಳುವವರು ಬೆಳ್ಳುಳ್ಳಿ ಕ್ಯಾಪ್ಸೂಲ್ ತಾವಾಗಿ ಶುರು ಮಾಡಬೇಡಿ.

ಯಾವ ಟೆಸ್ಟ್?

ಯಾರಿಗೇ ಆಗಲಿ ಎರಡು ಟೆಸ್ಟ್ ಸಾಕು: ರಕ್ತದ ಕ್ರಿಯೇಟಿನಿನ್, ಮೂತ್ರದ ಆಲ್ಬುಮಿನ್ ಮತ್ತು ಕ್ರಿಯೇಟಿನಿನ್ ಅನುಪಾತ. ಕ್ರಿಯೇಟಿನಿನ್ ಏರುವ ಹೊತ್ತಿಗೆ ಕಿಡ್ನಿಯ ಕೆಲಸ ಬಹಳಷ್ಟು ಹೋಗಿರುತ್ತೆ, ಅದಕ್ಕೇ ಮೂತ್ರದ ಟೆಸ್ಟ್ ಬಿಡಬೇಡಿ. ಬ್ಯಾಟರಿ, ವೆಲ್ಡಿಂಗ್, ಬಣ್ಣ, ಪ್ಲೇಟಿಂಗ್ ಕೆಲಸದವರು, ಬಹುದಿನ ಭಸ್ಮ ತಗೊಂಡವರು ಡಾಕ್ಟರ್ ಹತ್ತಿರ ರಕ್ತದ ಸೀಸ, ಪಾದರಸದ ಬಗ್ಗೆ ಕೇಳಿ. ರಕ್ತದ ಸೀಸ ಮುಖ್ಯವಾಗಿ ಈಚಿನ ದಿನಗಳ ಲೆಕ್ಕ ಹೇಳುತ್ತೆ, ಮೂಳೆಯಲ್ಲಿ ಕೂತದ್ದರ ಪೂರ್ತಿ ಲೆಕ್ಕ ಅಲ್ಲ. ಲೋಹ ತೆಗೆಯುವ ಚಿಕಿತ್ಸೆ ನಿಜವಾಗಿ ಇದೆ, ಆದರೆ ಅದು ಆಸ್ಪತ್ರೆಯಲ್ಲಿ ಕೊಡುವ ಔಷಧ. ಅದಕ್ಕೂ ಅಡ್ಡ ಪರಿಣಾಮ ಇದೆ.

ಇಷ್ಟೆಲ್ಲ ಹೇಳಿದ ಮೇಲೂ ಅಳತೆ ತಪ್ಪಬಾರದು. ನಮ್ಮಂಥವರಲ್ಲಿ ಕಿಡ್ನಿ ಕೆಡಲು ಮೊದಲ ಕಾರಣ ಸಕ್ಕರೆ ಕಾಯಿಲೆ, ಬಿಪಿ. ಆಮೇಲೆ ಬೆನ್ನುನೋವಿಗೆ ಅಂತ ಮೆಡಿಕಲ್ ಶಾಪ್‌ನಿಂದ ತಂದು ತಿಂಗಳಾನುಗಟ್ಟಲೆ ನುಂಗುವ ನೋವಿನ ಮಾತ್ರೆ. ಮೂಸಿಯ ಸೊಪ್ಪಿಗೆ ಹೆದರಿ ಬಿಪಿ ಮಾತ್ರೆ ಮರೆತರೆ ಲೆಕ್ಕ ತಲೆಕೆಳಗು.

ಸ್ನೇಹಿತನ ಅಪ್ಪ ಈಗ ಹೇಗಿದ್ದಾರೆ ಅಂತ ವಿಡಿಯೋ ಮಾಡುವಾಗ ಕೇಳಿದೆ. ಪುಡಿ ನಿಲ್ಲಿಸಿ ತಿಂಗಳುಗಳೇ ಆದವು. ಕಾಲಿನ ಬಾವು ಇಳಿದಿದೆ, ಪ್ರೋಟೀನ್ ಸೋರುವುದು ಬಹಳ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಊರಿನ ಬೋರ್‌ವೆಲ್ ನೀರಿನ ರಿಪೋರ್ಟೂ ಬಂತು. ಲೋಹಗಳೆಲ್ಲ ಮಿತಿಯೊಳಗೇ ಇವೆ. ಆ ಟೆಸ್ಟನ್ನು ಮೊದಲೇ ಮಾಡಿಸಿದ್ದರೆ ಪುಡಿಯ ಮಾತೇ ಬರುತ್ತಿರಲಿಲ್ಲ ಅಂತ ಅವನು ಇನ್ನೂ ಕೊರಗುತ್ತಾನೆ. ಅಪ್ಪ ಮಾತ್ರ ಅವನಿಗೆ ಏನೂ ಅಂದಿಲ್ಲ. "ನೀ ಏನ್ ಬೇಕಂತ ಮಾಡೀಯೇನಪಾ" ಅಂದರಂತೆ.

ನೀವು ಇದನ್ನು ಓದಿ ಮುಗಿಸಿ ಒಂದೇ ಕೆಲಸ ಮಾಡೋದಾದರೆ ಇದು ಮಾಡಿ. ಇವತ್ತು ರಾತ್ರಿ ಊರಿಗೆ ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳಿದ ಮೇಲೆ, ಡಾಕ್ಟರ್ ಬರೆದುಕೊಡದ ಯಾವ ಪುಡಿ, ಯಾವ ಭಸ್ಮ, ಯಾವ ಕ್ರೀಮ್ ಮನೆಯಲ್ಲಿದೆ ಅಂತಾನೂ ಕೇಳಿ. ಬೈಯಬೇಡಿ. ಡಬ್ಬಿಯ ಫೋಟೋ ಕಳಿಸೋಕೆ ಹೇಳಿ, ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ ತೋರಿಸಿ.

ಪ್ರಶ್ನೆಗಳಿದ್ದರೆ ಬರೆಯಿರಿ, ಮುಂದಿನ ಮಾತಲ್ಲಿ ಉತ್ತರಿಸುವ ಪ್ರಯತ್ನ ಮಾಡ್ತೀನಿ.